ಮೂರು ಸಲ ಕಾಣುವ ಚರ್ಚು

ಬೆಟ್ಟವನ್ನು ಹತ್ತಿ ದಾಟಬೇಕೋ, ಅದರ ಹೊಟ್ಟೆಯೊಳಗೆ ತೂರಿ ದಾಟಬೇಕೋ ಎಂಬುದು ಗೊಟ್ಟಾರ್ಡ್ ಬೆಟ್ಟದ ಈಚೆಗಿರುವ ಆಲ್ಟ್‌ಡಾರ್ಫಿನ ಜನರಿಗೆ ಆತ್ಮ ಪರಮಾತ್ಮರ ಪ್ರಶ್ನೆಗಿಂತ ಒಂದು ತೂಕ ಹೆಚ್ಚು. ಪರಮಾತ್ಮನ ವಿಷಯದಲ್ಲಿ ಅವರು ಪಾದ್ರಿಯ ಮಾತಿಗೆ ತಲೆದೂಗುತ್ತಾರೆ; ರೈಲಿನ ವಿಷಯದಲ್ಲಿ ಯಾರ ಮಾತಿಗೂ ಇಲ್ಲ. ಹಳೆಯ ರೈಲು ಬೆಟ್ಟವನ್ನು ಸುತ್ತಿ ಸುತ್ತಿ ಏರುತ್ತದೆ. ಹೊಸದು ಬುಡದ ಸುರಂಗಕ್ಕೆ ನುಗ್ಗಿ, ಅರ್ಧಕ್ಕೂ ಕಡಿಮೆ ಹೊತ್ತಿನಲ್ಲಿ ಆಚೆ ಬೀಳುತ್ತದೆ.

ಕನ್ನಡಕದ ಅಂಗಡಿಯ ಆಲ್ಬಿನ್ ಪ್ಲಾನ್ಸರ್ ಒಂದು ಭಾನುವಾರ ಬೆಟ್ಟದಾಚೆಯ ಬೆಲ್ಲಿನ್ಜೋನಾಕ್ಕೆ ಹೊರಟಿದ್ದ. ಅಲ್ಲಿನ ನಿವೆಸ್ ಎಂಬ ವಿಧವೆಯನ್ನು ಮದುವೆಯಾಗುವ ಆಸೆ ಅವನಿಗೆ. ಅವಳು ಹೇಳಿದ್ದು ಇಷ್ಟೇ: "ಅಪ್ಪನ ಜೊತೆ ಕೂತು ಒಂದು ಊಟ ಮಾಡಿ. ಮುಗಿದ ಮೇಲೆ ಹೇಳ್ತೀನಿ."

ಬೀಳ್ಕೊಡಲು ಪಕ್ಕದ ಮನೆಯ ಮಾರ್ಲಿಸ್ ಸ್ಟೇಷನ್ನಿಗೆ ಬಂದಿದ್ದಳು. ನಿವೃತ್ತ ಅಂಚೆಯವ ಕಾರ್ಲಿ, ಎಲ್ಲ ಭಾನುವಾರಗಳಂತೆ, ಅಲ್ಲೇ ಬೆಂಚಿನ ಮೇಲಿದ್ದ.

"ಬೆಟ್ಟದ ಮೇಲೇ ಹೋಗ್ಬೇಕು ಆಲ್ಬಿನ್," ಎಂದಳು ಮಾರ್ಲಿಸ್. "ಅವಳಪ್ಪ ಆಯಸ್ಸೆಲ್ಲ ಗೊಟ್ಟಾರ್ಡಲ್ಲೇ ಸವೆಸಿದವ್ರು ಅಂತ ನೀವೇ ಅಲ್ವಾ ಹೇಳಿದ್ದು? ಇಲಿ ಥರ ಬಿಲದಲ್ಲಿ ಹೋದ್ರೆ ಮಗಳನ್ನ ಕೊಡ್ತಾರಾ?"

"ತಡವಾಗಿ ಅವರ ರಿಸೊಟ್ಟೊ ಅನ್ನ ಆರಿಹೋದ್ರೂ ಕೊಡಲ್ಲ," ಎಂದ ಸುರಂಗದ ಪಕ್ಷದ ಕಾರ್ಲಿ. ಆದರೂ ಕೊನೆಗೆ ಬೆಟ್ಟಕ್ಕೇ ಒಪ್ಪಿದ. "ಹಾಗಾದ್ರೆ ಎಡಗಡೆ ಕೂತ್ಕೋ. ದಾರೀಲಿ ವಾಸೆನ್ ಊರಿನ ಚರ್ಚು ಕಾಣತ್ತೆ."

"ಬಲಗಡೆ!"

"ನಲವತ್ತು ವರ್ಷ ಟಪಾಲು ಹೊತ್ತಿದೀನಿ ಕಣಮ್ಮ ಆ ರೈಲಲ್ಲಿ!"

"ಚೀಲ ನೋಡ್ತಿದ್ರೋ, ಕಿಟಕಿ ನೋಡ್ತಿದ್ರೋ?"

ಆಲ್ಬಿನ್ ಟೆನಿಸ್ ಪಂದ್ಯ ನೋಡುವವನಂತೆ ಕತ್ತು ತಿರುಗಿಸುತ್ತಿದ್ದ. ಬೆನ್ನ ಹಿಂದೆ ಬೆಟ್ಟದ ರೈಲು ಸದ್ದಿಲ್ಲದೆ ಬಂದು, ಸದ್ದಿಲ್ಲದೆ ಹೋಯಿತು.

"ಸುರಂಗದ ರೈಲೇ ಹತ್ತು," ಎಂದ ಕಾರ್ಲಿ, ಏನೂ ಆಗದವನಂತೆ. "ಮೇಲಿಂದ ಬಂದೆ ಅನ್ನು. ರೈಲು ಸುತ್ತತ್ತಲ್ಲ, ಒಂದೇ ಚರ್ಚು ಮೂರು ಸಲ ಕಾಣತ್ತೆ. ಮೊದಲು ತಲೆ ಮೇಲೆ, ಆಮೇಲೆ ಕಣ್ಣ ನೇರಕ್ಕೆ, ಕಡೆಗೆ ಕಾಲ ಕೆಳಗೆ. ಇಷ್ಟು ಹೇಳಿದ್ರೆ ಯಾರೂ ಅನುಮಾನ ಪಡಲ್ಲ."

ಸುರಂಗದೊಳಗೆ ಆಲ್ಬಿನ್ ಕಾರ್ಲಿಯ ಪಾಠ ಉರು ಹೊಡೆದ. ಕಪ್ಪು ಕಿಟಕಿಯಲ್ಲಿ ಕಾಣುತ್ತಿದ್ದುದು ಅವನದೇ ಮುಖ. ಊರಿನ ಅರ್ಧ ಜನಕ್ಕೆ ದೂರದ್ದು ಕಾಣುವಂತೆ ಮಾಡಿದ ಆಸಾಮಿ, ಇಷ್ಟು ಹತ್ತಿರದಿಂದ ತನ್ನನ್ನು ತಾನು ನೋಡಿಕೊಂಡಿದ್ದು ಅಪರೂಪ. ನೋಟ ಅಷ್ಟೇನೂ ಹಿತವೆನಿಸಲಿಲ್ಲ.

ಬೆಲ್ಲಿನ್ಜೋನಾಕ್ಕೆ ವಿಪರೀತ ಬೇಗ ಬಂದಿಳಿದ. ಹಾಗೇ ಹೋದರೆ ಗುಟ್ಟು ರಟ್ಟು. ಸ್ಟೇಷನ್ನಿನ ಕಾಫಿ ಅಂಗಡಿಯಲ್ಲಿ ಕಪ್ಪಿನ ಮೇಲೆ ಕಪ್ಪು ಕುಡಿದು, ಬೆಟ್ಟದ ರೈಲು ಬಂದ ಮೇಲೆ ಅದರ ಜನರ ನಡುವೆ ಸೇರಿ ಹೊರಬಿದ್ದ.

ಬಾಗಿಲು ತೆರೆದವನು ನಿವೆಸ್‌ಳ ಅಪ್ಪ ಎಲ್ವೆಜಿಯೊ; ಮುದುಕನ ಕೈಯಲ್ಲಿ ಸೌಟಿತ್ತು. "ಬನ್ನಿ, ರಿಸೊಟ್ಟೊ ಗಾರೆಯಾಗಿದೆ. ಕಲ್ಲಾಗೋ ಮುಂಚೆ ತಿನ್ನೋಣ."

"ಬೆಟ್ಟದ ಮೇಲಿಂದ ಬಂದೆ," ಎಂದ ಆಲ್ಬಿನ್, ಕೂತ ಕೂಡಲೇ. ಚರ್ಚನ್ನು ಮೂರೂ ಸಲ ವರ್ಣಿಸಿದ. ನಿವೆಸ್‌ಳ ಮುಖ ಅರಳಿತು. ಅವಳಪ್ಪನ ಚಮಚ ನಿಂತಿತು.

"ಮೇಲಿಂದ?"

"ತಾವು ಆಯಸ್ಸೆಲ್ಲ ಗೊಟ್ಟಾರ್ಡಲ್ಲಿ…"

"ಅಡಿಯಲ್ಲಿ ಸ್ವಾಮಿ! ಆ ಸುರಂಗ ಕೊರೆದವರಲ್ಲಿ ನಾನೂ ಒಬ್ಬ. ಬೆಟ್ಟದ ಅರ್ಧ ಧೂಳು ಇನ್ನೂ ಈ ಎದೆಯಲ್ಲಿದೆ. ನೀವು ಚರ್ಚು ನೋಡ್ಕೊಂಡು ಬಂದ್ರಿ."

ಆಲ್ಬಿನ್ ಚಮಚ ಕೆಳಗಿಟ್ಟ. ಮುದುಕನಿಗೆ ಬಂದಿದ್ದು ಸಿಟ್ಟಲ್ಲ, ನೋವು ಎಂಬುದು ಕನ್ನಡಕವಿಲ್ಲದೆಯೂ ಕಾಣುತ್ತಿತ್ತು.

"ಸುಳ್ಳು ಹೇಳಿದೆ ಯಜಮಾನ್ರೇ. ಬಂದಿದ್ದು ಸುರಂಗದಲ್ಲೇ."

"ಹೌದಾ? ಹೇಗಿತ್ತು ಒಳಗೆ?"

"ಏನೂ ಗೊತ್ತೇ ಆಗ್ಲಿಲ್ಲ."

"ಅದೇ!" ಮುದುಕನ ಕಣ್ಣು ತುಂಬಿತು. "ಗೊತ್ತಾಗ್ಬಾರ್ದು ಅಂತಲೇ ಕೊರೆದಿದ್ದು! ನಿವೆಸ್, ಇನ್ನೊಂದು ಬಾಟ್ಲಿ ತಗೊಂಡ್ ಬಾ!"

ನಿವೆಸ್ ಏಳಲಿಲ್ಲ.

"ನನ್ನ ಗಂಡನೂ ಎಲ್ಲದಕ್ಕೂ ಬೇಗದ ದಾರಿಯವ್ರೇ," ಎಂದಳು ಮೆಲ್ಲಗೆ. "ಹೋಗಿದ್ದೂ ಬೇಗ. ನನಗೋಸ್ಕರ ಒಬ್ರು ಸುತ್ತಿನ ದಾರೀಲಿ ಇಷ್ಟು ಹೊತ್ತು ಕಳೆದ್ರಲ್ಲ ಅಂದ್ಕೊಂಡಿದ್ದೆ."

"ಹೊತ್ತು ಕಳೆದಿದ್ದಂತೂ ನಿಜ!" ಎಂದ ಆಲ್ಬಿನ್.

"ಎಲ್ಲಿ?"

"ಸ್ಟೇಷನ್ನಿನ ಕಾಫಿ ಅಂಗಡಿಯಲ್ಲಿ."

ಊಟ ಮುಗಿಯಿತು. ಸಂಜೆ ಆಲ್ಬಿನ್ ಬೆಟ್ಟದ ರೈಲಿನಲ್ಲೇ ಮರಳಿದ. ಇಳಿಯುವ ದಾರಿಯಲ್ಲಿ ಚರ್ಚು ಮೊದಲು ಕಾಲ ಕೆಳಗೆ, ಆಮೇಲೆ ಕಣ್ಣ ನೇರಕ್ಕೆ, ಕಡೆಗೆ ತಲೆ ಮೇಲೆ ಕಂಡಿತು. ಯಾವ ಬದಿಯಲ್ಲಿ ಎಂದು ಅವನು ಮಾರ್ಲಿಸ್‌ಗೂ ಹೇಳಲಿಲ್ಲ, ಕಾರ್ಲಿಗೂ ಹೇಳಲಿಲ್ಲ.

ಈಗ ಎಲ್ವೆಜಿಯೊ ಅವನನ್ನು ಪ್ರತಿ ಭಾನುವಾರ ಊಟಕ್ಕೆ ಕರೆಯುತ್ತಾನೆ. ನಿವೆಸ್ ಭಾನುವಾರ ಮನೆಯಲ್ಲಿರುವುದಿಲ್ಲ.