ಜರಡಿಯ ಕೈಗೆ ಸಿಕ್ಕ ಬಸವನಹುಳು

ಎಸ್ಕಿಲ್ ಆ ಪುಸ್ತಕವನ್ನು ಓದಿರಲಿಲ್ಲ. ಓದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆದರೆ ಓದುವುದು ಅವನ ಕೆಲಸವೂ ಅಲ್ಲ. ಮಕ್ಕಳಿಬ್ಬರನ್ನೂ ಮಲಗಿಸಿ, ಪಾತ್ರೆ ತೊಳೆದು, ನಾಳೆಯ ರೊಟ್ಟಿ ಡಬ್ಬಿ ಕಟ್ಟಿಟ್ಟ ಮೇಲೆ ಉಳಿಯುವ ಒಂದು ಗಂಟೆಯಲ್ಲಿ ಅವನು ಅಂತರ್ಜಾಲದ ವಿಶ್ವಕೋಶವೊಂದಕ್ಕೆ ಕಾವಲು ಕೂರುತ್ತಿದ್ದ. ಸಂಬಳವಿಲ್ಲ, ಸನ್ಮಾನವಿಲ್ಲ, ಬೈಗುಳ ಮಾತ್ರ ಧಾರಾಳ. ಜಗತ್ತಿನಲ್ಲಿ ಪುಸ್ತಕ ಬರೆಯದವನೇ ಇಲ್ಲವೇನೋ ಅನ್ನಿಸುವ ಮಟ್ಟಿಗೆ ಪುಟಗಳು ಬಂದು ಬೀಳುತ್ತಿದ್ದವು. ಯಾರದೋ ಅತ್ತೆಯ ಕವನಗಳು, ಯಾವನೋ ಹಲ್ಲಿನ ಡಾಕ್ಟರನ ಆತ್ಮಕತೆ, ನಾಯಿಯೊಂದಿಗೆ ಸೈಕಲ್ ಪ್ರವಾಸ, ಅದರ ಎರಡನೇ ಭಾಗ.

ನಿಯಮ ಸರಳವಾಗಿತ್ತು. ಬರೆದವರ ನೆಂಟರೂ ಅಲ್ಲದ, ಸ್ನೇಹಿತರೂ ಅಲ್ಲದ ಇಬ್ಬರಾದರೂ ಆ ಪುಸ್ತಕದ ಬಗ್ಗೆ ಎಲ್ಲಾದರೂ ನೆಟ್ಟಗೆ ವಿಮರ್ಶೆ ಬರೆದಿರಬೇಕು. ಇಲ್ಲದಿದ್ದರೆ ಪುಟದ ನೆತ್ತಿಗೆ ‘ಅಳಿಸೋಣವೇ?’ ಎಂಬ ಚೀಟಿ. ಏಳು ದಿನ ಚರ್ಚೆ. ಏಳನೆಯ ದಿನ ಸಂಜೆ ನಾಲ್ಕಕ್ಕೆ ತೀರ್ಪು. ಚೀಟಿ ಅಂಟಿಸುವುದರಲ್ಲಿ ಎಸ್ಕಿಲ್‌ನದು ಎತ್ತಿದ ಕೈ. ಅಲ್ಲಿ ಅವನ ಹೆಸರು ಎಸ್ಕಿಲ್ ಅಲ್ಲ, ‘ಜರಡಿ’.

ಹೋದ ಶನಿವಾರ ಹೀಗೆ ಜರಡಿ ಹಿಡಿದಾಗ ಸಿಕ್ಕಿದ್ದು ‘ಬಸವನಹುಳುಗಳೊಡನೆ ನಲವತ್ತು ವರ್ಷ’. ಚಿಪ್ಪಿಲ್ಲದ, ಲೆಟ್ಯೂಸ್ ಕಂಡರೆ ಬಿಡದ, ಕಂದುಬಣ್ಣದ ಆ ಪೀಡೆಗಳ ಬಗ್ಗೆ ಗು. ಥೀಸ್ಟ್ರುಪ್ ಎಂಬವರು ಬರೆದದ್ದು. ವಿಮರ್ಶೆ ಒಂದೂ ಇಲ್ಲ. ಎಸ್ಕಿಲ್ ಚೀಟಿ ಅಂಟಿಸಿ, ಕಾರಣ ಬರೆದ: “ಬರೆದವರೂ ಅಚ್ಚು ಹಾಕಿಸಿದವರೂ ಒಬ್ಬರೇ. ಬಹುಶಃ ಓದಿದವರೂ ಅವರೊಬ್ಬರೇ.” ಬರೆದು ತಾನೇ ನಕ್ಕು, ಮಲಗಿದ.

ಈ ಶನಿವಾರ ತೋಟದ ಕಾಲೋನಿಯಲ್ಲಿ ಎಲ್ಲರೂ ಸೇರಿ ದುಡಿಯುವ ದಿನ. ಮಹಡಿಮನೆಗಳಲ್ಲಿ ವಾಸಿಸುವ ಡೇನರಿಗೆ ಊರಂಚಿನಲ್ಲಿ ಬಾಡಿಗೆಗೆ ಸಿಗುವ, ಒಂದೊಂದು ಗುಡಿಸಲಿರುವ ತುಂಡುತೋಟಗಳ ಸಾಲು ಅದು. ಬೇಲಿ ಕತ್ತರಿಸುವುದು, ದಾರಿಗೆ ಜಲ್ಲಿ ಹರಡುವುದು, ಕೊನೆಗೆ ಸಾಸೇಜ್ ಸುಟ್ಟು ತಿನ್ನುವುದು. ಎಸ್ಕಿಲ್‌ಗೆ ಇದು ಬರೀ ಜಲ್ಲಿಯ ದಿನವಾಗಿರಲಿಲ್ಲ. ಮೂರನೇ ಮಹಡಿಯ ಮನೆಯಲ್ಲಿ ಎರಡು ಮಕ್ಕಳನ್ನಿಟ್ಟುಕೊಂಡು, ಒಂಬತ್ತು ವರ್ಷ ಸರದಿಯಲ್ಲಿ ಕಾದ ಮೇಲೆ ಅವರಿಗೆ ಹದಿನೇಳನೇ ನಂಬರಿನ ತೋಟ ಸಿಕ್ಕಿತ್ತು. ಅದೂ ಒಂದು ವರ್ಷದ ಪರೀಕ್ಷೆಯ ಮೇಲೆ. ಆ ವರ್ಷ ಇವತ್ತಿಗೆ ಮುಗಿಯುತ್ತಿತ್ತು. ಕಾಗದಕ್ಕೆ ಎರಡು ಸಹಿ ಬೀಳಬೇಕು: ಕಾರ್ಯದರ್ಶಿ ಪ್ರೆಬೆನ್‌ನದು, ಅಧ್ಯಕ್ಷೆ ಗುಡ್ರುನ್‌ರದು. ಬೀಳದಿದ್ದರೆ ತೋಟ ಸರದಿಯ ಮುಂದಿನವರಿಗೆ.

“ಇವತ್ತೊಂದಿನ ಯಾರ ತಪ್ಪನ್ನೂ ತಿದ್ದೋಕೆ ಹೋಗ್ಬೇಡ,” ಎಂದು ಹೆಂಡತಿ ಬೊಲೆಟ್ಟೆ ಬಾಗಿಲಲ್ಲೇ ಹೇಳಿ ಕಳಿಸಿದ್ದಳು. “ನಾನು ಸಂಜೆ ಮಕ್ಕಳನ್ನ ಕರ್ಕೊಂಡು ಬರ್ತೀನಿ. ಅಷ್ಟರಲ್ಲಿ ಎರಡೂ ಸಹಿ ಆಗಿರ್ಲಿ.”

ಪ್ರೆಬೆನ್ ಒಳ್ಳೆಯವನು. ನಿವೃತ್ತ ಅಂಚೆಯವನು, ದಪ್ಪ ಮೀಸೆ, ಕಿವಿಯ ಮೇಲೆ ಸದಾ ಒಂದು ನೀಲಿ ಪೆನ್ಸಿಲ್. ಬೆಳಗ್ಗೆ ಕಾಫಿ ಮುಗಿಯುವ ಮೊದಲೇ ಆ ಪೆನ್ಸಿಲ್ಲಿನಿಂದ ಸಹಿ ಗೀಚಿ, “ನಿನ್ನಂಥವನು ಇಲ್ಲಿ ಬೇಕು ಮಾರಾಯ,” ಎಂದು ಬೆನ್ನು ತಟ್ಟಿದ. ಎಸ್ಕಿಲ್ ಕಾಗದ ಹಿಡಿದು ಗುಡ್ರುನ್ ಕಡೆ ಹೊರಟ.

ಗುಡ್ರುನ್ ಬೆಂಚಿನ ಮೇಲೆ ಹತ್ತಿ ನಿಂತಿದ್ದರು. ಎಪ್ಪತ್ತನಾಲ್ಕು ವರ್ಷ, ರಬ್ಬರ್ ಬೂಟು, ಕೈಯಲ್ಲಿ ಬೇಲಿ ಕತ್ತರಿ.

“ಎಲ್ಲಾರೂ ಕೇಳಿ! ಕೆಲಸ ಆಮೇಲೆ. ನನ್ನ ಬಸವನಹುಳು ಪುಸ್ತಕದ ಪುಟನ ಯಾವುದೋ ಒಂದು ಪ್ರಾಣಿ ಅಳಿಸ್ಬೇಕು ಅಂತಿದೆ!”

ಎಸ್ಕಿಲ್ ಕಾಗದವನ್ನು ಬೆನ್ನ ಹಿಂದೆ ಸರಿಸಿದ.

ಆ ಕಾಲೋನಿಯಲ್ಲಿ ಯಾರಿಗೂ ಮನೆತನದ ಹೆಸರಿಲ್ಲ. ಗುಡ್ರುನ್ ಅಂದರೆ ಗುಡ್ರುನ್, ಅಷ್ಟೇ. ರಾಣಿಯೇ ಬಂದು ತೋಟ ಮಾಡಿದರೂ ಹೆಸರು ಹಿಡಿದೇ ಕರೆದಾರು. ಒಂದು ವರ್ಷ ಅವರ ಮುಂದೆ ತಲೆಬಗ್ಗಿಸಿ ಕಳೆ ಕಿತ್ತಿದ್ದ ಎಸ್ಕಿಲ್‌ಗೆ ಅವರು ಥೀಸ್ಟ್ರುಪ್ ಎಂದು ಗೊತ್ತಾದದ್ದು ಈಗ.

“ಕೇಳಿ, ಏನು ಬರ್ದಿದಾನೆ ಅಂತ,” ಎಂದು ಪ್ರೆಬೆನ್ ಕನ್ನಡಕ ಏರಿಸಿದ. ಆ ಪುಟವನ್ನು ಗುಡ್ರುನ್ ಹುಟ್ಟುಹಬ್ಬಕ್ಕೆಂದು ಮೂರು ಚಳಿಗಾಲ ಕೂತು, ಒಂದು ಬೆರಳಿನಲ್ಲಿ ಕುಟ್ಟಿ ಮಾಡಿದವನು ಅವನೇ. “‘ಬಹುಶಃ ಓದಿದವರೂ ಅವರೊಬ್ಬರೇ.’ ಜರಡಿ ಅಂತೆ ಹೆಸರು! ಈ ಜರಡಿ ನನ್ನ ಕೈಗೆ ಸಿಕ್ರೆ, ಅವನ ತೂತೆಲ್ಲ ಮುಚ್ಚಿಬಿಡ್ತೀನಿ.”

“ತಾಯಿ ಇಲ್ವೇನೋ ಆ ಮುಂಡೇದಕ್ಕೆ,” ಎಂದರು ಒಂಬತ್ತನೇ ನಂಬರಿನ ಅಜ್ಜಿ.

“ಎಸ್ಕಿಲ್!” ಗುಡ್ರುನ್ ಕತ್ತರಿಯಿಂದಲೇ ತೋರಿಸಿದರು. “ನಿಂಗೆ ಕಂಪ್ಯೂಟರ್ ಎಲ್ಲಾ ಗೊತ್ತಲ್ವಾ. ಸಂಜೆ ನಾಲ್ಕಕ್ಕೆ ತೀರ್ಪಂತೆ. ಉಳಿಸಿಕೊಡು. ಆಮೇಲೆ ನಿನ್ನ ಕಾಗದ ನೋಡೋಣ.”

ಎಸ್ಕಿಲ್ ಕಾಗದವನ್ನು ಮಡಚಿ ಜೇಬಿಗಿಟ್ಟ. ತೊಂದರೆಯೇನಿಲ್ಲ, ಅಂಟಿಸಿದ ಚೀಟಿಯನ್ನು ತಾನೇ ಕಿತ್ತರಾಯಿತು ಎಂದುಕೊಂಡ. ಗುಡಿಸಲಿನ ಹಿಂದೆ ಹೋಗಿ ಫೋನ್ ತೆಗೆದು ನೋಡಿದರೆ, ಅಷ್ಟರಲ್ಲಿ ‘ಧ್ರುವಕರಡಿ’ ಎಂಬ ಇನ್ನೊಬ್ಬ ಕಾವಲುಗಾರ ಕೆಳಗೆ ಬರೆದಿದ್ದ: “ಜರಡಿಯವರ ಮಾತು ಅಕ್ಷರಶಃ ನಿಜ. ಅಳಿಸಿ.” ಎರಡನೆಯವನು ದನಿಗೂಡಿಸಿದ ಮೇಲೆ ಮೊದಲನೆಯವನು ಹಿಂದೆಗೆಯುವಂತಿಲ್ಲ. ಆ ನಿಯಮ ತರಬೇಕೆಂದು ಎರಡು ವರ್ಷ ಜಗಳ ಆಡಿದವನು ಎಸ್ಕಿಲ್ಲೇ.

ವಾಪಸು ಬರುವಷ್ಟರಲ್ಲಿ ಕಾಲೋನಿ ತನಗೆ ಗೊತ್ತಿದ್ದ ಏಕೈಕ ಮಾರ್ಗ ಹಿಡಿದಿತ್ತು. ಆ ಜನಕ್ಕೆ ಬೇಲಿಯ ಎತ್ತರದಿಂದ ಹಿಡಿದು ಕಾಫಿಪುಡಿಯವರೆಗೆ ಎಲ್ಲವೂ ಕೈ ಎತ್ತಿಸಿಯೇ ತೀರ್ಮಾನವಾಗಬೇಕು.

“ಇಪ್ಪತ್ಮೂರು ಜನ ಇದೀವಿ. ಅವರು ಇಬ್ರು,” ಎಂದ ಪ್ರೆಬೆನ್. “ಎಲ್ಲಾರೂ ಫೋನ್ ತೆಗೀರಿ. ಹೆಸರು ನೋಂದಾಯಿಸಿ. ‘ಉಳಿಸಿ’ ಅಂತ ಹಾಕಿ.”

“ಬೇಡಿ!” ಎಂದು ಎಸ್ಕಿಲ್ ಕೂಗಿದ. “ಅದು ಮತದಾನ ಅಲ್ಲ. ಅಲ್ಲಿ ತಲೆ ಎಣಿಸಲ್ಲ, ಕಾರಣ ಕೇಳ್ತಾರೆ!”

“ತಲೆ ಎಣಿಸ್ದೆ ತೀರ್ಮಾನ ಹೆಂಗ್ ಮಾಡ್ತಾರೋ? ಅದೇನು ಪ್ರಜಾಪ್ರಭುತ್ವನೋ ಪುಂಡರ ಪಾಳ್ಯನೋ?” ಎಂದರು ಅಜ್ಜಿ, ಬೆರಳಿಗೆ ಉಗುಳು ಹಚ್ಚಿ ಫೋನ್ ಒತ್ತುತ್ತಾ.

ರೈಲುಹಳಿಯ ಆಚೆಗಿನ ಕಾಲೋನಿಯ ಅಧ್ಯಕ್ಷ ವಾಗ್ನ್ ಸಾಸೇಜಿಗೆ ಅತಿಥಿಯಾಗಿ ಬೇಗನೇ ಬಂದಿದ್ದ. ನೆರೆಹೊರೆಯ ಮರ್ಯಾದೆಗೆ ಅವನೂ ‘ಉಳಿಸಿ’ ಎಂದು ಒತ್ತಿದ.

ಕಾಲುಗಂಟೆಯಲ್ಲಿ ಧ್ರುವಕರಡಿಯ ಉತ್ತರ ಬಂತು: “ಹತ್ತು ನಿಮಿಷದಲ್ಲಿ ಒಂದೇ ಜಾಗದಿಂದ ಇಪ್ಪತ್ತಕ್ಕೂ ಹೆಚ್ಚು ಹೊಸ ಹೆಸರು! ಇವೆಲ್ಲ ಒಬ್ಬನದೇ ಕೈವಾಡ. ಲೆಕ್ಕಕ್ಕಿಲ್ಲ.”

ಕಾಲೋನಿ ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಸಿಡಿಯಿತು.

“ಒಬ್ಬನೇ ಅಂತೆ! ನಾನೂ ಈ ಪ್ರೆಬೆನ್ನೂ ಒಬ್ನೇನಾ? ಅವನ ಮೀಸೆ ನೋಡಿದೀಯಾ?” ಎಂದು ಅಜ್ಜಿ ಫೋನಿಗೇ ಬೈದರು.

“ಇದಕ್ಕೆಲ್ಲ ಮೂಲ ಆ ಜರಡಿ,” ಎಂದರು ಗುಡ್ರುನ್. “ಎಸ್ಕಿಲ್, ಅವನಿಗೊಂದು ಕಾಗದ ಬರಿ. ನಾನು ಹೇಳ್ತೀನಿ, ನೀನು ಹೊಡಿ. ‘ಎಲೈ ಹೇಡಿ...’”

ಎಸ್ಕಿಲ್ ಪ್ರೆಬೆನ್‌ನ ಫೋನಿನಲ್ಲಿ ತನಗೆ ತಾನೇ ‘ಎಲೈ ಹೇಡಿ’ ಎಂದು ಬರೆದುಕೊಂಡ. ತನ್ನ ತಾಯಿ, ತನ್ನ ಸಾಕಣೆ, ತನ್ನ ಮುಖಲಕ್ಷಣದ ಬಗ್ಗೆಯೂ ಬರೆದ. ಬೈಗುಳದಲ್ಲೊಂದು ಕಡೆ ವಾಕ್ಯ ಸೊಟ್ಟಗಿತ್ತು, ತಿದ್ದಿದ. ಕಳಿಸಿದ ಕೂಡಲೇ ಅವನದೇ ಜೇಬು ಟಿಂಗ್ ಎಂದಿತು.

“ಬೊಲೆಟ್ಟೆ ಇರ್ಬೇಕು,” ಎಂದ ಎಸ್ಕಿಲ್. “ಒಂದ್ನಿಮಿಷ, ಶೌಚಾಲಯಕ್ಕೆ ಹೋಗಿ ಬರ್ತೀನಿ.”

ಮರದ ಶೌಚಾಲಯದ ಚಿಲಕ ಹಾಕಿಕೊಂಡು ಜರಡಿಯಾಗಿ ಬರೆದ: “ನೋವಾಗಿದ್ದರೆ ಕ್ಷಮಿಸಿ. ಸಂಬಂಧವಿಲ್ಲದವರು ಬರೆದ ಎರಡು ವಿಮರ್ಶೆ ಸಿಕ್ಕರೆ ಪುಟ ಉಳಿಯುತ್ತದೆ.” ಹೊರಗೆ ಬಂದಾಗ ಪ್ರೆಬೆನ್ ಫೋನ್ ಎತ್ತಿ ಹಿಡಿದಿದ್ದ.

“ನೋಡು, ಹೆದರಿದ! ಆಗ್ಲೇ ಉತ್ತರ ಕೊಟ್ಟ. ಇನ್ನೂ ಬೈಯೋಣ್ವಾ?”

“ಬೇಡ, ವಿಮರ್ಶೆ ಹುಡುಕೋಣ.”

“ಇಲ್ಲ, ಇನ್ನೊಂದ್ಸಲ ಬೈಯೋಣ,” ಎಂದರು ಗುಡ್ರುನ್. ಬೈದರು. ಟಿಂಗ್ ಎಂದಿತು. ಎಸ್ಕಿಲ್ ಮತ್ತೆ ಶೌಚಾಲಯಕ್ಕೆ ನಡೆದ. ಹೀಗೆ ಮೂರು ಸಲವಾದ ಮೇಲೆ ಒಂಬತ್ತನೇ ನಂಬರಿನ ಅಜ್ಜಿ ಅವನ ಕೈಗೆ ಒಣರೊಟ್ಟಿ ಕೊಟ್ಟು, “ಭೇದಿ ಕಟ್ಟತ್ತೆ, ತಿನ್ನಪ್ಪ,” ಎಂದರು.

ವಿಮರ್ಶೆಗಳ ಬೇಟೆ ಶುರುವಾಯಿತು. ಮೊದಲು ಸಿಕ್ಕಿದ್ದು ಕಾಲೋನಿಯ ಪತ್ರಿಕೆ. ಸಂಪಾದಕಿ ಗುಡ್ರುನ್. ಎರಡನೆಯದು ಚರ್ಚಿನ ಮಾಸಿಕ. ಪಾದ್ರಿ ಗುಡ್ರುನ್‌ರ ತಮ್ಮ. “ಅವನಿಗೂ ನಂಗೂ ಎಂಬತ್ತೆಂಟನೇ ಇಸ್ವಿಯಿಂದ ಮಾತಿಲ್ಲ, ಅವನು ನೆಂಟ ಹೆಂಗಾಗ್ತಾನೆ?” ಎಂದು ಗುಡ್ರುನ್ ವಾದಿಸಿದರು. ಕೊನೆಗೆ ಪ್ರೆಬೆನ್ ತನ್ನ ಗುಡಿಸಲಿನ ಡ್ರಾಯರ್ ಮಗುಚಿ ಹಾಕಿ, ಊರಿನ ವಾರಪತ್ರಿಕೆಯ ಹಳದಿ ತುಣುಕೊಂದನ್ನು ಹೊರತೆಗೆದ. ಅಪರಿಚಿತ ವಿಮರ್ಶಕ, ಅರ್ಧ ಅಂಕಣ, ಹೊಗಳಿಕೆ ಅಷ್ಟಕ್ಕಷ್ಟೇ. ಧ್ರುವಕರಡಿ ಒಪ್ಪಿದ. ಒಂದಾಯಿತು.

ಮೂರೂ ಮುಕ್ಕಾಲು. ಎಸ್ಕಿಲ್ ಶೌಚಾಲಯದಲ್ಲಿ ಕೂತು, ಒಂದು ಕೈಯಲ್ಲಿ ನೊಣ ಓಡಿಸುತ್ತಾ, ಇನ್ನೊಂದು ಕೈಯಲ್ಲಿ ಹಳೆಯ ಪತ್ರಿಕೆಗಳ ಭಂಡಾರ ಜಾಲಾಡಿದ. ಸಿಕ್ಕಿತು! ಸ್ವೀಡನ್ನಿನ ತೋಟಗಾರಿಕೆ ಪತ್ರಿಕೆ, ಎರಡು ಪುಟ, ಚಿತ್ರ ಸಮೇತ. ಡೇನರಿಗೆ ಸ್ವೀಡಿಷ್ ಅಂದರೆ ದಾಯಾದಿಯ ಮಾತಿದ್ದ ಹಾಗೆ. ಅರ್ಧ ಅರ್ಥವಾಗುತ್ತದೆ, ಉಳಿದರ್ಧ ಅರ್ಥವಾದಂತೆ ಅನ್ನಿಸುತ್ತದೆ. ಮೊದಲನೆಯ ಪುಟದಲ್ಲಿ ‘ಅಪೂರ್ವ’ ಎಂಬ ಮಾತು ಕಣ್ಣಿಗೆ ಬಿದ್ದದ್ದೇ ಸಾಕಾಯಿತು. ಆ ಪ್ಯಾರಾವನ್ನು ಇಡಿಯಾಗಿ ಎತ್ತಿ, ಅನುವಾದಿಸಿಕೊಡುವ ಯಂತ್ರಕ್ಕೆ ಕೊಟ್ಟು, ಬಂದದ್ದನ್ನು ಓದಿ ನೋಡದೆ ಪುಟಕ್ಕೆ ಅಂಟಿಸಿದ.

ನಾಲ್ಕು ಗಂಟೆಗೆ ಸರಿಯಾಗಿ ತೀರ್ಪು ಬಂತು: ‘ಉಳಿಸಿ’.

ಕಾಲೋನಿ ಕುಣಿಯಿತು. ಧ್ವಜ ಏರಿತು, ಬಿಯರ್ ಬಾಟಲಿಗಳ ಮುಚ್ಚಳ ಹಾರಿದವು. ಗುಡ್ರುನ್ ಎಸ್ಕಿಲ್‌ನ ಎರಡೂ ಕೆನ್ನೆ ಹಿಡಿದು ಅಲುಗಾಡಿಸಿ, “ಎಲ್ಲಿ, ಕಾಗದ ಕೊಡು,” ಎಂದರು. ಪೆನ್ನು ತೆಗೆದರು. “ತಾಳು, ಮೊದ್ಲು ಎಲ್ಲಾರ್ಗೂ ಓದಿ ಹೇಳ್ತೀನಿ.” ಮತ್ತೆ ಬೆಂಚು ಹತ್ತಿದರು.

“‘ಸ್ವೀಡಿಷ್ ವಿಮರ್ಶಕರ ಪ್ರಕಾರ ಇದು ಅಪೂರ್ವ ಕೃತಿ’... ಕೇಳಿಸ್ತಾ? ‘ಏಳನೇ ಅಧ್ಯಾಯ ವಿಶೇಷ ಗಮನಾರ್ಹ. ಹುಳುಗಳನ್ನು ಕೊಲ್ಲಲು ಮನಸ್ಸು ಬಾರದ ಲೇಖಕಿ, ಅವನ್ನು ಬಕೆಟ್‌ಗಳಲ್ಲಿ ತುಂಬಿ, ಪ್ರತಿ ಭಾನುವಾರ ಮುಂಜಾನೆ, ರೈಲುಹಳಿಯ ಆಚೆಗಿನ ಕಾಲೋನಿಯ... ತರಕಾರಿ ಪಾತಿಗಳಲ್ಲಿ...’”

ಓದು ನಿಂತಿತು. ವಾಗ್ನ್ ತಿನ್ನುತ್ತಿದ್ದ ಸಾಸೇಜನ್ನು ತಟ್ಟೆಗಿಟ್ಟ.

“ಮೂವತ್ತು ವರ್ಷ,” ಎಂದ ಅವನು ಮೆಲ್ಲಗೆ. “ಮೂವತ್ತು ವರ್ಷ ನಮ್ಮ ಕೋಸಿಗೆ ಎಲ್ಲಿಂದ ಬರ್ತಾವೆ, ಎಲ್ಲಿಂದ ಬರ್ತಾವೆ ಅಂತ ತಲೆ ಚಚ್ಕೊಂಡ್ವಲ್ಲ, ಗುಡ್ರುನ್. ಮಣ್ಣು ಬದಲಾಯಿಸಿದ್ವಿ. ಬಾತುಕೋಳಿ ಸಾಕಿದ್ವಿ.” ಟೋಪಿ ಹಾಕಿಕೊಂಡ. “ನಾನು ಬೇರೆ ‘ಉಳಿಸಿ’ ಅಂತ ಒತ್ತಿದೆ.” ಸೈಕಲ್ ಹತ್ತಿ ಹೊರಟ, ತನ್ನವರನ್ನು ಕರೆತರಲು.

ಗುಡ್ರುನ್ ಎಸ್ಕಿಲ್‌ನ ತೋಳು ಹಿಡಿದು ಗುಡಿಸಲಿನ ಹಿಂದಕ್ಕೆ ಎಳೆದೊಯ್ದರು.

“ಅಳಿಸು ಅದನ್ನ. ಈಗ್ಲೇ.”

“ಆಗಲ್ಲ, ಗುಡ್ರುನ್. ತೀರ್ಪಾಗಿದೆ. ಪತ್ರಿಕೆ ಆಧಾರ ಇರೋ ವಾಕ್ಯ ನಾನು ಕಿತ್ರೆ, ಕರಡಿ ಮತ್ತೆ ತಂದು ಹಾಕ್ತಾನೆ.”

“ಅಯ್ಯೋ, ಇಷ್ಟು ವರ್ಷದಲ್ಲಿ ಒಬ್ರೂ ಏಳನೇ ಅಧ್ಯಾಯದ ತನಕ ಓದಿರ್ಲಿಲ್ಲ ಕಣೋ! ಪ್ರೆಬೆನ್ ಪುಟ ಬರೆದವನು, ಅವನೇ ಮೂರಕ್ಕೆ ಬಿಟ್ಟಿದ್ದ! ಎಲ್ಲಿಂದ ಹುಡುಕಿ ತಂದ್ಯೋ ಆ ಸ್ವೀಡನ್ನೋನನ್ನ?” ಗುಡ್ರುನ್ ಬಕೆಟ್ ಮಗುಚಿ ಅದರ ಮೇಲೆ ಕುಸಿದು ಕೂತರು. “ಆ ಜರಡಿ ದೇವರಂಥ ಮನುಷ್ಯ. ಅಳಿಸಿ ಅಳಿಸಿ ಅಂತ ಬಡ್ಕೊಂಡ. ನಾನು ಕೇಳಿದ್ನಾ? ಅವನ ಮಾತು ನಡೆದಿದ್ರೆ ಇವತ್ತು ನನ್ನ ಮಾನ ಉಳೀತಿತ್ತು. ನನ್ನೆದುರಿಗೆ ಬಂದ್ರೆ ಈಗಿಂದೀಗ ಸಹಿ ಹಾಕಿ ಹದಿನೇಳನೇ ನಂಬರ್ ಅವನಿಗೇ ಕೊಟ್ಬಿಡ್ತಿದ್ದೆ.”

ಎಸ್ಕಿಲ್ ಒಂದು ಕ್ಷಣವೂ ಯೋಚಿಸಲಿಲ್ಲ. ಯೋಚಿಸದೆ ಮಾಡುವ ಕೆಲಸಗಳಲ್ಲಿ ಅದು ಆ ವಾರದ ಮೂರನೆಯದು.

“ಗುಡ್ರುನ್, ಜರಡಿ ನಾನೇ!”

ಫೋನ್ ತೆರೆದು ತೋರಿಸಿದ. ಜರಡಿಯ ಹೆಸರು, ಅಂಟಿಸಿದ ಚೀಟಿ, ಶೌಚಾಲಯದಿಂದ ಬರೆದ ಮೂರು ಉತ್ತರಗಳು. ಗುಡ್ರುನ್ ಕನ್ನಡಕ ಏರಿಸಿ, ಇಳಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು, ಉದ್ದಕ್ಕೆ, ಥೀಸ್ಟ್ರುಪ್ ಸಮೇತ, ಸಹಿ ಹಾಕಿದರು. ಎಸ್ಕಿಲ್ ಕಾಗದಕ್ಕೆ ಕೈ ಚಾಚಿದ.

“ನಿನಗೆ ಸಾಸೇಜ್ ತಂದೆ,” ಎಂಬ ದನಿ ಬೆನ್ನ ಹಿಂದಿನಿಂದ ಬಂತು.

ಪ್ರೆಬೆನ್ ತಟ್ಟೆ ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ! ಅವನು ಎಸ್ಕಿಲ್‌ನ ಮುಖ ನೋಡಲಿಲ್ಲ. ಫೋನನ್ನು ನೋಡಿದ. ಆಮೇಲೆ ಗುಡ್ರುನ್‌ರ ಮೊಣಕಾಲ ಮೇಲಿನ ಕಾಗದವನ್ನು ಮೆಲ್ಲಗೆ ಎತ್ತಿಕೊಂಡು, ಗುಡಿಸಲಿನ ಗೋಡೆಗೊತ್ತಿ, ಕಿವಿಯ ಮೇಲಿಂದ ನೀಲಿ ಪೆನ್ಸಿಲ್ ತೆಗೆದು, ತನ್ನ ಸಹಿಯ ಮೇಲೆ ನೇರವಾದ ಒಂದು ಗೆರೆ ಎಳೆದ. ಅಂಚೆಯವರ ಗೆರೆ, ವಿಳಾಸದಾರರು ಇಲ್ಲಿ ವಾಸವಿಲ್ಲ ಎನ್ನುವಾಗ ಎಳೆಯುವಂಥದ್ದು.

“ತಿನ್ನು,” ಎಂದ, ತಟ್ಟೆ ಕೊಡುತ್ತಾ. “ಆರಿಹೋಗತ್ತೆ.”

ಅಷ್ಟರಲ್ಲಿ ದಾರಿಯ ಕಡೆಯಿಂದ ಮಕ್ಕಳ ಕೇಕೆ ಕೇಳಿಸಿತು. ಬೊಲೆಟ್ಟೆ ಬೇಲಿಯ ಮೇಲಿಂದ ಕತ್ತು ಚಾಚಿದಳು.

“ಎರಡೂ ಸಹಿ ಆಯ್ತಾ?”

ಎಸ್ಕಿಲ್ ಬಾಯಲ್ಲಿದ್ದ ಸಾಸೇಜನ್ನು ಅಗಿದು ನುಂಗಿದ.

“ಆಗಿತ್ತು,” ಎಂದ. “ಸುಮಾರು ಅರ್ಧ ನಿಮಿಷ.”