ಯಾರೂ ಮುಟ್ಟದ ಬಿಲ್ಲೆ

ಗುರುಲಿಂಗಯ್ಯನವರು ವಿಭೂತಿ ಹಚ್ಚದೆ ಇದ್ದಿದ್ದರೆ ಅಜಯಕುಮಾರನ ಬಾಯಿಂದ ಆ ಮಾತು ಬರುತ್ತಿರಲಿಲ್ಲ.

ಶಹಾಬಾದಿನ ಹೊರಗೆ ಸ್ಫಟಿಕ ಬೆಳೆಸುವ ಸಣ್ಣ ಕಾರ್ಖಾನೆ. ಗರಗಸದಲ್ಲಿ ಕೊಯ್ದ ಸ್ಫಟಿಕದ ತೆಳು ಬಿಲ್ಲೆಗಳೇ ಅಲ್ಲಿ ಬೀಜ. ಅವನ್ನು ಆಸಿಡ್ಡಿನಲ್ಲಿ ತೊಳೆದು, ಉಕ್ಕಿನ ಕೊಳವೆಯಲ್ಲಿ ತೂಗುಹಾಕಿ ವಾರಗಟ್ಟಲೆ ಕಾಯಿಸಿದರೆ ಅವುಗಳ ಮೇಲೆ ಹೊಸ ಸ್ಫಟಿಕ ಬೆಳೆಯುತ್ತದೆ. ಈ ಸಲ ಬೀಜದ ಕೆಲಸ ಮೊದಲ ಬಾರಿಗೆ ಅಜಯಕುಮಾರನದು. ಬೆಳೆ ಚೆನ್ನಾಗಿ ಬಂದರೆ ಬೀಜದ ಕೋಣೆಯೇ ಅವನದೆಂದು ಮ್ಯಾನೇಜರ್ ನಾಗರತ್ನಾ ಹೇಳಿದ್ದರು.

ಬೆಳಿಗ್ಗೆ ಅವನು ಬಿಲ್ಲೆಗಳನ್ನು ಗಡಿಬಿಡಿಯಲ್ಲಿ ತೊಳೆದು, ಎಲ್ಲಕ್ಕಿಂತ ಚಂದದ ಒಂದನ್ನು ಯಾರೂ ಮುಟ್ಟದಿರಲೆಂದು ಕಪಾಟಿನಲ್ಲಿ ಬೀಗ ಹಾಕಿಟ್ಟು ಬಂದ. ಉಳಿದವುಗಳ ಮೇಲೆ ಆಗಲೇ ಮೂರು ಬೆರಳಿನ ವಿಭೂತಿ. ಸ್ಟೋರ್ ನೋಡಿಕೊಳ್ಳುವ ಮುದುಕ ಗುರುಲಿಂಗಯ್ಯನವರು ನಗುತ್ತ ನಿಂತಿದ್ದರು.

“ಬಿತ್ತೋ ಬೀಜ ಬರಿ ಹಣಿಲೇ ಇರಬಾರದು, ತಮ್ಮಾ.”

ಅಜಯಕುಮಾರ ಹಲ್ಲು ಕಚ್ಚಿಕೊಂಡು ಮತ್ತೆ ಆಸಿಡ್ಡಿಗೆ ಹಾಕಿದ. ಒಣಗಲು ಇಟ್ಟು ತಿರುಗುವಷ್ಟರಲ್ಲಿ, ಚಹಾ ತಂದ ಜೈತುನ್‌ಬೀ ಒಂದೊಂದನ್ನೇ ಸೆರಗಿನಿಂದ ತಿಕ್ಕುತ್ತಿದ್ದಳು, ಊಟದ ತಟ್ಟೆ ಒರೆಸಿದ ಹಾಗೆ.

“ಹಸಿ ಇದ್ವು ಭಯ್ಯಾ, ಒರಸಾಕತ್ತೀನಿ.”

ಮತ್ತೆ ಆಸಿಡ್. ಊಟ ಮುಗಿಸಿ ಬಂದರೆ ಮತ್ತೆ ವಿಭೂತಿ.

“ತೊಳದಾಗ ಹೋಗಿತ್ತು, ಮತ್ತ ಹಚ್ಚೀನಿ,” ಎಂದರು ಅಯ್ಯನವರು.

“ನಿಮ್ಮ ವಿಭೂತಿ ನಿಮ್ಮ ಹಣಿಗೇ ಇರಲ್ರಿ. ಏನೂ ತಿಳೀದವರು ಈ ಕಡೆ ಹಾಯಬ್ಯಾಡ್ರಿ.”

ಮುದುಕ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಹೊರಟುಹೋದರು. ಅಜಯಕುಮಾರನಿಗೆ ಆಗಲೇ ಕೆಡುಕೆನಿಸಿತು. ಹಿಂದೆ ಹೋಗಿ ಒಂದು ಮಾತು ಆಡಬಹುದಿತ್ತು; ಆಡಲಿಲ್ಲ. ವಿಭೂತಿಯವನ್ನು ಇನ್ನೊಮ್ಮೆ ತೊಳೆದು, ಕಪಾಟಿನದನ್ನೂ ಸೇರಿಸಿ ಎಲ್ಲವನ್ನೂ ತೂಗುಹಾಕಿದ. ತನ್ನ ಬಿಲ್ಲೆಯ ತಂತಿಗೆ ಗುರುತಿಗೊಂದು ಗಂಟು ಹಾಕಿದ.

ಕೊಳವೆ ತೆರೆದ ದಿನ ಸ್ಫಟಿಕಗಳೆಲ್ಲ ಬಾವಿ ನೀರಿನಷ್ಟು ತಿಳಿ. ಗಂಟಿನ ತಂತಿಯದು ಮಾತ್ರ ಬಿರುಕು ಬಿರುಕು.

“ಇದೊಂದು ಯಾಕ ಹಿಂಗ?” ನಾಗರತ್ನಾ ಕೇಳಿದರು.

ಅಜಯಕುಮಾರನಿಗೆ ಕೂಡಲೇ ಹೊಳೆಯಿತು. ಮತ್ತೆ ಮತ್ತೆ ತೊಳೆದಾಗ ಉಳಿದ ಬಿಲ್ಲೆಗಳ ಮೇಲಿನ ಗರಗಸದ ಗೀರುಗಳನ್ನೆಲ್ಲ ಆಸಿಡ್ ತಿಂದುಹಾಕಿತ್ತು. ಬೀಗದೊಳಗಿನದು ಗೀರಿನ ಸಮೇತ ಬೆಳೆದಿತ್ತು. ನಿಜ ಹೇಳಿದರೆ ಮೊದಲ ಸಲ ತಾನು ಸರಿಯಾಗಿ ತೊಳೆದಿರಲಿಲ್ಲವೆಂದು ಒಪ್ಪಬೇಕು. ಅವನು ಬಾಯಿ ಬಿಡಲಿಲ್ಲ.

“ಅದೊಂದಕ್ಕ ಅಯ್ಯನೋರು ವಿಭೂತಿ ಹಚ್ಚಿಲ್ರಿ ಮೇಡಂ,” ಎಂದಳು ಜೈತುನ್‌ಬೀ. “ಭಯ್ಯಾ ಬೀಗ ಹಾಕಿ ಇಟ್ಟಿದ್ದರು.”

ನಾಗರತ್ನಾ ಆ ಮಾತನ್ನೇ ನಂಬಿದರು. ಈಗ ಬೀಜದ ಕೋಣೆಯ ಕೀಲಿ ಗುರುಲಿಂಗಯ್ಯನವರ ಸೊಂಟದಲ್ಲಿದೆ. ಅವರು ವಿಭೂತಿ ಹಚ್ಚುತ್ತಾರೆ, ಅವರು ಅತ್ತ ಹೋದ ಮೇಲೆ ಅಜಯಕುಮಾರ ಕದ್ದು ತೊಳೆಯುತ್ತಾನೆ. ಸ್ಫಟಿಕ ಚೆನ್ನಾಗಿಯೇ ಬರುತ್ತಿದೆ.

“ಸಾಹೇಬ್ರ, ಒಳಗ ಬರ್ಲೇನ್ರಿ?” ಎಂದು, ಕೀಲಿ ತಮ್ಮದೇ ಆದರೂ, ಮುದುಕ ದಿನಾಲು ಬಾಗಿಲಲ್ಲಿ ನಿಂತು ಅಜಯಕುಮಾರನನ್ನು ಕೇಳುತ್ತಾರೆ. ತಮ್ಮಾ ಎಂದು ಮತ್ತೆ ಕರೆದಿಲ್ಲ.