ಪ್ಯಾಟ್ರಿಶಿಯಾ ಬಾಯಿಯ ಕೈಗುಣ

ಬೇರೆಯವರ ಗಂಡಂದಿರು ಪರಸ್ತ್ರೀಯ ಕಣ್ಣು ಹೊಗಳುತ್ತಾರೆ, ಕೂದಲು ಹೊಗಳುತ್ತಾರೆ. ಅದಕ್ಕೆಲ್ಲ ಮದ್ದುಂಟು. ಕಾಡಿಗೆ ಹಚ್ಚಬಹುದು, ಪಾರ್ಲರಿಗೆ ಹೋಗಿ ಬರಬಹುದು. ನಮ್ಮ ಯಜಮಾನರಾದ ಪೂವಪ್ಪನವರು ಹೊಗಳಿದ್ದು ಮೇಲಿನ ಮಹಡಿಯ ಪ್ಯಾಟ್ರಿಶಿಯಾ ಹೊಗೆಸೊಪ್ಪು ಉಜ್ಜುವ ಬಗೆಯನ್ನು. ಇದಕ್ಕೆ ನಾನು ಯಾವ ಪಾರ್ಲರಿಗೆ ಹೋಗಲಿ?

ನಾವಿರುವುದು ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಒಂದು ಹಳೇ ಬಿಲ್ಡಿಂಗಿನಲ್ಲಿ. ನಮ್ಮ ತಲೆಯ ಮೇಲೆಯೇ ಲಿಯೊನೆಲ್ ಮತ್ತು ಪ್ಯಾಟ್ರಿಶಿಯಾ ದಂಪತಿ. ಮಂಗಳೂರಿನವರು. ಅವರು ಹೋಟೆಲಿನಲ್ಲಿ ಮ್ಯಾನೇಜರು, ಅವಳು ಮನೆಯಲ್ಲಿ ಮ್ಯಾನೇಜರು. ನಮ್ಮೂರ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ‘ಬಾಯಿ’ ಎಂದು ಕರೆಯುವುದು ವಾಡಿಕೆ. ನಮ್ಮವರ ಬಾಯಲ್ಲಂತೂ ಮೂರು ಹೊತ್ತೂ ಆ ಬಾಯಿಯೇ.

ಶುಕ್ರವಾರ ಸಂಜೆ ಲಿಯೊನೆಲ್ ಬಾಲ್ಕನಿಯಲ್ಲಿ ಕೂತು ಪೈಪು ಸೇದುತ್ತಾರೆ. ನಮ್ಮವರು ಜೊತೆಗೆ ಕೂರಲು ಹೋಗುತ್ತಿದ್ದವರು ಹೋಗಿ ಹೋಗಿ, ಕೊನೆಗೆ ಲಿಯೊನೆಲ್ ಕೊಟ್ಟ ಒಂದು ಹಳೇ ಪೈಪನ್ನು ಬಾಯಿಗಿಟ್ಟುಕೊಂಡೇ ಮನೆಗೆ ಬಂದರು. ಪೈಪಿನ ಹೊಗೆಸೊಪ್ಪು ಸಿಗರೇಟಿನಂತೆ ಸಿದ್ಧವಾಗಿ ಬರುವುದಿಲ್ಲವಂತೆ. ಕೆಲವು ಒಳ್ಳೆಯ ಜಾತಿಯದನ್ನು ಒತ್ತಿ ಒತ್ತಿ ಹಲಗೆಯಂತೆ ಮಾಡಿರುತ್ತಾರಂತೆ, ಇಲ್ಲಿಯ ಅಂಗಡಿಗಳಲ್ಲಿ ಸಿಗುವ ಒತ್ತು ಖರ್ಜೂರದ ಹಾಗೆ, ಕಪ್ಪಗೆ, ಜಿಗುಟಾಗಿ. ಅದನ್ನು ತೆಳ್ಳಗೆ ಹೆಚ್ಚಬೇಕು, ಎಳೆ ಬಿಡುವಂತೆ ಅಂಗೈಯಲ್ಲಿ ಉಜ್ಜಬೇಕು, ಹದವಾಗಿ ಆರಲು ಬಿಡಬೇಕು. ಈ ವಿದ್ಯೆ ಮೂರು ಲೋಕದಲ್ಲಿ ಪ್ಯಾಟ್ರಿಶಿಯಾ ಒಬ್ಬಳಿಗೇ ಸಿದ್ಧಿಸಿದೆ ಎಂಬುದು ನಮ್ಮವರ ದೃಢವಾದ ನಂಬಿಕೆ.

ನಾನು ಬಂಗುಡೆ ಮೀನಿನ ಗಸಿ ಬಡಿಸುತ್ತಿದ್ದರೆ ಇವರು ತಟ್ಟೆಯತ್ತ ನೋಡದೆ, ಆ ಬಾಯಿ ಬೆರಳು ಆಡಿಸುವ ನಾಜೂಕನ್ನು ವರ್ಣಿಸುತ್ತಿದ್ದರು. ಬಂಗುಡೆ ನನ್ನ ಪರವಾಗಿ ಕಣ್ಣು ಬಿಟ್ಟುಕೊಂಡು ನೋಡುತ್ತಿತ್ತು. ಅಷ್ಟನ್ನೂ ಸಹಿಸಿದೆ. ಆದರೆ ಒಂದು ದಿನ ಇವರು ಮೇಲಿನಿಂದ ಇಳಿದು ಬರುವಾಗ ಕೈಯಲ್ಲೊಂದು ಸ್ಟೀಲಿನ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಉಜ್ಜಿದ ಹೊಗೆಸೊಪ್ಪು. ಇವರ ಪೈಪಿಗೆಂದೇ ಅವಳು ಉಜ್ಜಿ ಕೊಟ್ಟದ್ದು.

ಪರಸ್ತ್ರೀಯ ಅಂಗೈ ಬಿಸಿ ತಾಗಿದ ವಸ್ತು ನನ್ನ ಅಡುಗೆಮನೆಯ ಕಟ್ಟೆ ಏರಿತು. ನನ್ನ ಹೊಟ್ಟೆಯೊಳಗೆ ಬೆಂಕಿಕಡ್ಡಿ ಇಲ್ಲದೆಯೇ ಹತ್ತಿಕೊಂಡಿತು.

ಇನ್ನು ಮೇಲೆ ನಾನೇ ಉಜ್ಜಿ ಕೊಡುತ್ತೇನೆ ಎಂದೆ.

“ನಿನಗದು ಆಗ್ಲಿಕ್ಕಿಲ್ಲ ಮಾರಾಯ್ತಿ,” ಎಂದರು ಇವರು, ಡಬ್ಬಿಯನ್ನು ಮೂಗಿಗೆ ಹಿಡಿದುಕೊಂಡು. “ಅದಕ್ಕೆ ಕೈ ಬೇಕು.”

ನನಗೆ ಕೈ ಇಲ್ಲವಂತೆ. ಮದುವೆಗೆ ಮೊದಲು ತವರೂರು ವಿಟ್ಲದಲ್ಲಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿದವಳು ನಾನು. ನಾನು ಕಟ್ಟಿದ ಬೀಡಿಯನ್ನು ಲೆಕ್ಕ ಮಾಡಿ ಕೊಳ್ಳುವ ಬ್ರಾಂಚಿನವರು ಒಂದು ದಿನವೂ ತೆಗೆದು ಬಿಸಾಡಿದ್ದಿಲ್ಲ. ಅದನ್ನು ನೆನಪಿಸಿದರೆ, ಬೀಡಿಯೇ ಬೇರೆ, ಪೈಪೇ ಬೇರೆ, ಇದು ದೊಡ್ಡ ಮನುಷ್ಯರ ಹೊಗೆ ಎಂದು ಇವರು ಪಾಠ ಮಾಡಿದರು. ಇವರು ದೊಡ್ಡ ಮನುಷ್ಯರಾದದ್ದು ಯಾವಾಗ ಎಂದು ನಾನು ಕೇಳಲಿಲ್ಲ. (ಕೇಳಬೇಕಿತ್ತು.)

ಮುಂದಿನ ವಾರ ಇವರು ಆಫೀಸಿನ ಕೆಲಸಕ್ಕೆ ದುಬೈಗೆ ಹೋದವರು ಅಲ್ಲಿಯ ನೈಫ್ ಪೇಟೆಯ ಯಾವುದೋ ಅಂಗಡಿಯಿಂದ ಒಂದು ಹಲಗೆ ತಂದರು. ಮೇಲಕ್ಕೆ ಕೊಟ್ಟು ಬರುತ್ತೇನೆಂದು ಚಪ್ಪಲಿ ಹಾಕುತ್ತಿದ್ದವರ ಕೈಯಿಂದ ನಾನು ಅದನ್ನು ಕಿತ್ತುಕೊಂಡೆ.

ಬೆಳಿಗ್ಗೆ ಇವರು ಆಫೀಸಿಗೆ ಹೋದ ಮೇಲೆ ಕೆಲಸಕ್ಕೆ ಕೂತೆ. ಹಲಗೆ ಚಾಕುವಿಗೆ ಜಗ್ಗಲಿಲ್ಲ. ಹೊಟ್ಟೆಕಿಚ್ಚಿಗೆ ತಾಳ್ಮೆ ಎಲ್ಲಿಂದ ಬರಬೇಕು? ಒಂದು ಮೂಲೆ ಮುರಿದು ಮಿಕ್ಸಿಗೆ ಹಾಕಿ ಒಂದು ಸುತ್ತು ತಿರುಗಿಸಿದೆ. ನಶ್ಯವಾಯಿತು. ಇವರು ಸಂಜೆ ಅದನ್ನು ಪೈಪಿಗೆ ತುಂಬಿ ಎಳೆದರೆ ಹೊಗೆ ಬರಲಿಲ್ಲ, ಪುಡಿಯೇ ಗಂಟಲಿಗೆ ಬಂತು. ಮಿಕ್ಸಿಯನ್ನು ಎಷ್ಟು ತೊಳೆದರೂ ಮರುದಿನದ ತೆಂಗಿನಕಾಯಿ ಚಟ್ನಿ ತನ್ನ ಹೊಸ ಸಂಸ್ಕಾರವನ್ನು ಬಿಡಲಿಲ್ಲ. ಅದನ್ನು ತಿಂದು ಆಫೀಸಿಗೆ ಹೋದವರಿಗೆ ಮೀಟಿಂಗು ಮುಗಿಯುವವರೆಗೂ ಬಿಕ್ಕಳಿಕೆ.

ಎರಡನೇ ಸಲ ಕಷ್ಟಪಟ್ಟು ಹೆಚ್ಚಿದೆ, ಉಜ್ಜಿದೆ, ಆದರೆ ಒಣಗುವವರೆಗೆ ಕಾಯಲಾರದೆ ಮೈಕ್ರೋವೇವಿಗೆ ಇಟ್ಟೆ. ಕಾರಿಡಾರಿನ ತುಂಬ ಎಂಥದೋ ಘಾಟು ಹಬ್ಬಿ, ನಮ್ಮ ಬಿಲ್ಡಿಂಗಿನ ಕಾವಲುಗಾರ, ಅಂದರೆ ಇಲ್ಲಿಯವರ ಮಾತಿನಲ್ಲಿ ನಾತೂರ್, ಇದಿನಬ್ಬ ಬಾಗಿಲು ಬಡಿದ. ಅಕ್ಕಾ, ಯಾರದ್ದಾದರೂ ದೃಷ್ಟಿ ತೆಗೆಯುತ್ತಿದ್ದೀರಾ ಎಂದು ವಿನಯದಿಂದ ವಿಚಾರಿಸಿದ. ಹತ್ತನೇ ಕ್ಲಾಸಿನ ನನ್ನ ಮಗಳು ಸಮೀಕ್ಷಾ ಪುಸ್ತಕದಿಂದ ತಲೆಯೆತ್ತಿ, “ಮಮ್ಮಿ, ಯು ಸ್ಮೆಲ್ ಲೈಕ್ ಆ್ಯನ್ ಅಂಕಲ್,” ಎಂದಳು.

ಇವರು ಸುಮ್ಮನೆ ಸ್ಟೀಲಿನ ಡಬ್ಬಿ ತೆಗೆದುಕೊಂಡು ಮೆಟ್ಟಿಲು ಹತ್ತಿದರು. ಆ ಹೆಜ್ಜೆಯ ಸದ್ದು ನನ್ನ ಎದೆಯ ಮೇಲೆಯೇ ಹೋದ ಹಾಗಾಯಿತು.

ಆಮೇಲೆ ನಾನು ಯಂತ್ರಗಳನ್ನೆಲ್ಲ ಬದಿಗಿಟ್ಟೆ. ಉಳಿದ ಹಲಗೆಯನ್ನು ನೆಲದ ಮೇಲಿಟ್ಟು, ಪಿಜ್ಜಾ ತಟ್ಟೆಯನ್ನು ಮೊರದಂತೆ ಮಡಿಲಲ್ಲಿಟ್ಟುಕೊಂಡು, ವಿಟ್ಲದಲ್ಲಿ ಕೂತಂತೆಯೇ ಕಾಲು ಚಾಚಿ ಕೂತೆ. ಬೆರಳುಗಳಿಗೆ ಎಲ್ಲ ನೆನಪಿತ್ತು. ಹಸಿಯಾಗಿದ್ದರೆ ಬೀಡಿ ನಂದುತ್ತದೆ, ಹುಡಿಯಾದರೆ ಉಸಿರು ಕಟ್ಟುತ್ತದೆ. ಪೈಪಿನ ಹಣೆಬರಹವೂ ಇದಕ್ಕಿಂತ ಬೇರೆ ಇರಲಿಕ್ಕಿಲ್ಲ ಅಂದುಕೊಂಡು ಕಾಗದದಷ್ಟು ತೆಳ್ಳಗೆ ಹೆಚ್ಚಿದೆ. ಎಳೆ ಮುರಿಯದ ಹಾಗೆ ಮೆಲ್ಲಗೆ ಉಜ್ಜಿದೆ. ಬೆಡ್‌ಶೀಟಿನ ಮೇಲೆ ಹರಡಿ, ಹಿಡಿದರೆ ಅಂಟದೆ, ಬಿಟ್ಟರೆ ಅರಳುವ ಹದ ಬರುವವರೆಗೆ ಕಾದೆ.

ಆ ಸಂಜೆ ಇವರು ಒಂದೇ ಕಡ್ಡಿಯಲ್ಲಿ ಹತ್ತಿಸಿ, ಬೂದಿಯಾಗುವವರೆಗೆ ಸೇದಿದರು. ಪರವಾಗಿಲ್ಲ, ಹೆಚ್ಚುಕಡಿಮೆ ಬಾಯಿ ಮಾಡಿದ ಹಾಗೇ ಬಂದಿದೆ ಎಂದರು.

ಹೆಚ್ಚುಕಡಿಮೆಯಂತೆ. ಶುಕ್ರವಾರ ನಾನು ರೇಷ್ಮೆ ಸೀರೆ ಉಟ್ಟು, ನನ್ನ ಹೊಗೆಸೊಪ್ಪನ್ನು ಮದುವೆಯ ಬೆಳ್ಳಿ ಬಟ್ಟಲಿನಲ್ಲಿ ಹಾಕಿಕೊಂಡು ಇವರ ಹಿಂದೆಯೇ ಮೇಲೆ ಹೋದೆ. ಬಾಲ್ಕನಿಯ ಮೇಜಿನ ಮೇಲೆ ಪ್ಯಾಟ್ರಿಶಿಯಾಳ ಡಬ್ಬಿ ಇತ್ತು. ಅದರ ಪಕ್ಕದಲ್ಲೇ ನನ್ನ ಬಟ್ಟಲನ್ನು ಟಣ್ಣೆಂದು ಇಟ್ಟೆ. ಲಿಯೊನೆಲ್ ಸಜ್ಜನರು. ಮೊದಲು ಹೆಂಡತಿಯದನ್ನು ಸೇದಿದರು, ಆಮೇಲೆ ನನ್ನದನ್ನು ತುಂಬಿ ಹತ್ತಿಸಿದರು. ಎರಡು ದಮ್ಮು ಎಳೆದು ಕಣ್ಣು ಮುಚ್ಚಿದವರು ಬಹಳ ಹೊತ್ತು ತೆರೆಯಲೇ ಇಲ್ಲ. ನನಗೆ ಗಾಬರಿಯಾಗತೊಡಗಿತು.

“ಪ್ಯಾಟ್ರಿಶಿಯಾ,” ಎಂದರು ಕೊನೆಗೆ, “ಇಷ್ಟು ವರ್ಷ ನಾನು ಸೇದಿದ್ದು ಎಂತದು ಹಾಗಾದರೆ?”

ಜನ್ಮ ಸಾರ್ಥಕವಾಯಿತು. ನಮ್ಮವರು ನನ್ನ ಕಡೆ ಹೊಸದಾಗಿ ನೋಡಿದರು. ನಾನು ನೋಡಿದ್ದು ಪ್ಯಾಟ್ರಿಶಿಯಾಳ ಮುಖವನ್ನು. ಅಲ್ಲಿ ನನ್ನ ಹೊಟ್ಟೆಯೊಳಗಿನ ಬೆಂಕಿ ಹೋಗಿ ಹತ್ತಿಕೊಳ್ಳುವುದನ್ನು ಕಣ್ಣಾರೆ ಕಾಣಬೇಕೆಂದೇ ತಾನೇ ಇಷ್ಟೆಲ್ಲ ಮಾಡಿದ್ದು? ಅವಳು ಎದ್ದಳು, ಒಳಗೆ ಹೋದಳು. ಅಳಲು ಹೋಗಿರಬೇಕು ಎಂದುಕೊಂಡು, ನೆರೆಯವಳಲ್ಲವೇ ಎಂದು ನನಗೆ ತುಸು ಮರುಕವೂ ಆಯಿತು. ವಾಪಸು ಬರುವಾಗ ಅವಳ ಎರಡೂ ಕೈ ತುಂಬ ಹೊಗೆಸೊಪ್ಪಿನ ಹಲಗೆಗಳು, ಅವುಗಳ ಮೇಲೊಂದು ಚಾಕು. ಎಲ್ಲವನ್ನೂ ನನ್ನ ರೇಷ್ಮೆ ಮಡಿಲಿಗೆ ಸುರಿದಳು.

“ಖಲಾಸ್ ಸ್ವರ್ಣಕ್ಕ,” ಎಂದಳು. “ಮದುವೆ ಆದಂದಿನಿಂದ ಇದರಿಂದ ಬಿಡಿಸಿ ಅಂತ ದೇವರಲ್ಲಿ ಬೇಡ್ತಾ ಇದ್ದೆ. ನಿಮ್ಮ ಕೈ ಇರುವಾಗ ನಾನು ಇನ್ನು ಮುಟ್ಟಿದ್ರೆ ಪಾಪ.”

ಲಿಯೊನೆಲ್ ತಲೆದೂಗಿದರು. ನಮ್ಮವರಂತೂ, ಅದಕ್ಕೇನು, ಸ್ವರ್ಣಲತಾಗೆ ಶುಕ್ರವಾರ ಬೇರೇನು ಕೆಲಸ ಎಂದು ನನ್ನ ಪರವಾಗಿ ಒಪ್ಪಿಯೂ ಬಿಟ್ಟರು.

ಅಂದಿನಿಂದ ಶುಕ್ರವಾರ ಬಂತೆಂದರೆ ಎರಡು ಮನೆಯ ಹೊಗೆಸೊಪ್ಪು ನನ್ನ ಪಾಲಿಗೆ. ಇಬ್ಬರು ಗಂಡಸರು ಕಾಲ ಮೇಲೆ ಕಾಲು ಹಾಕಿ ಲೋಕದ ಸಮಸ್ಯೆಗಳನ್ನು ಬಗೆಹರಿಸುತ್ತಾರೆ. ನಾನು ನಡುವೆ ಕೂತು ಉಜ್ಜುತ್ತೇನೆ. ಪ್ಯಾಟ್ರಿಶಿಯಾ ಆ ಹೊತ್ತಿನಲ್ಲಿ ಕಡಲ ದಂಡೆಯ ಕಾರ್ನಿಷ್‌ಗೆ ವಾಕಿಂಗ್ ಹೋಗುತ್ತಾಳೆ.

ಕಳೆದ ವಾರ ಅವಳು ಸಮುದ್ರದ ಗಾಳಿ ಕುಡಿದು, ಗುಲಾಬಿ ಬಣ್ಣದ ಶೂ ಹಾಕಿಕೊಂಡು, ಒಂದು ಸುತ್ತು ಸಣ್ಣಗಾಗಿ ಬಾಲ್ಕನಿಗೆ ಬಂದಳು. ನಮ್ಮವರು ನಾನು ಉಜ್ಜಿದ್ದನ್ನು ಸೇದುತ್ತಿದ್ದವರು ಪೈಪನ್ನು ಬಾಯಿಂದ ತೆಗೆದರು.

“ಬಾಯಿ ಈಗ ಎಷ್ಟು ಚುರುಕಾಗಿದ್ದಾರೆ ನೋಡು,” ಎಂದರು ನನ್ನ ಕಡೆ ತಿರುಗಿ. “ನೀನು ಹೀಗೆ ಕೂತಲ್ಲೇ ಕೂತರೆ ಹೇಗೆ? ಸ್ವಲ್ಪ ನಡೀಲಿಕ್ಕೆ ಹೋಗಬಾರದಾ?”

ನಾನು ಎದ್ದೇ ಬಿಡಬೇಕೆಂದು ಕಾಲು ಮಡಚಿದೆ. ಅಷ್ಟರಲ್ಲಿ ಲಿಯೊನೆಲ್, ಇದೊಂದು ಮುಗಿಸಿ ಹೋಗಿ ಸ್ವರ್ಣಕ್ಕ ಎಂದು ಇನ್ನೊಂದು ಹಲಗೆಯನ್ನು ಮೆಲ್ಲಗೆ ನನ್ನ ಮಡಿಲಲ್ಲಿಟ್ಟರು.